ಹದ್ದಿನ ಇಳಿಜಾರು

ನೆಲದ ಮೇಲೆ ನಡೆಯುವವರು ಲೆಕ್ಕವಿಲ್ಲದಷ್ಟು ಜನ. ಅದರ ಕೆಳಗೆ ಏನಿದೆ ಅಂತ ತಲೆ ಕೆಡಿಸಿಕೊಳ್ಳುವವರು ಬೆರಳೆಣಿಕೆ. ಆ ಬೆರಳೆಣಿಕೆಯವರನ್ನೆಲ್ಲ ಸಂಬಳ ಕೊಟ್ಟು ಒಂದೇ ಸೂರಿನಡಿ ಕೂರಿಸಿದ್ದ ಕಟ್ಟಡ ಆ ಊರಿನ ಅಂಚೆ ಕಚೇರಿಯ ಬೆನ್ನಿಗೆ ಅಂಟಿಕೊಂಡಂತಿತ್ತು. ತೀರಾ ಮೇಲಿನ ಮಹಡಿಯಲ್ಲಿ ಭೂಕಂಪದವರು. ಭೂಮಿ ನಡುಗಿತೇನೋ ಅಂತ ಗೆರೆ ನೋಡುತ್ತ ಕೂರುವುದು ಅವರ ಕೆಲಸ. ಹಿಂದಿನ ಬೀದಿಯಲ್ಲಿ ಕಲ್ಲು ತುಂಬಿದ ಲಾರಿ ಹೋದರೆ ಗೆರೆಯೂ ಹಾರುತ್ತಿತ್ತು, ಅವರೂ ಹಾರುತ್ತಿದ್ದರು. ಅದರ ಕೆಳಗೆ ನೀರಿನವರು. ಊರಿನ ಬಾವಿಗಳಿಗೆಲ್ಲ ಟೇಪು ಇಳಿಬಿಟ್ಟು, ನೀರು ಏರಿತೋ ಇಳಿಯಿತೋ ಅಂತ ಬರೆದಿಡುವವರು. ಅದರ ಕೆಳಗೆ ಚಿಪ್ಪಿನವರು. ಸಾಸಿವೆಗಿಂತ ಸಣ್ಣ ಚಿಪ್ಪನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಈ ಜಾಗದಲ್ಲಿ ಒಂದಾನೊಂದು ಕಾಲಕ್ಕೆ ಸಮುದ್ರವಿತ್ತೋ ಕೆರೆಯಿತ್ತೋ ಅಂತ ಹೇಳುವ ಜನ. ನಿನ್ನೆ ಮಧ್ಯಾಹ್ನ ಏನು ಉಂಡಿರಿ ಅಂದರೆ ಮಾತ್ರ ತಲೆ ಕೆರೆದುಕೊಳ್ಳುತ್ತಿದ್ದರು.

ಎಲ್ಲಕ್ಕಿಂತ ಕೆಳಗೆ, ನೆಲಮಹಡಿಯಲ್ಲಿ, ಮಣ್ಣಿನವರು. ಬೂಟಿಗೆ ಕೆಸರು, ಉಗುರಿನ ಸಂದಿಗೆ ಕೆಸರು, ಬಾಗಿಲ ಹಿಡಿಗೂ ಕೆಸರು. ಮೇಲಿನವರು ಅವರನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಸಂಶಯ ಬಂದಾಗ ಮೆಟ್ಟಿಲಿಳಿದು ಬರುತ್ತಿದ್ದದ್ದೂ ಅವರ ಹತ್ತಿರಕ್ಕೇ.

ಆ ನೆಲಮಹಡಿಯ ಹಿರಿಯ ಭೂವಿಜ್ಞಾನಿಯ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಓಡಾಡುತ್ತಿರಲಿಲ್ಲ. ಎದುರಿಗೆ 'ಸಾರ್', ಬೆನ್ನ ಹಿಂದೆ 'ಹದ್ದು'. ಅದು ಅವನಿಗೂ ಗೊತ್ತಿತ್ತು. ಬೇಜಾರಿರಲಿಲ್ಲ, ಒಳಗೊಳಗೇ ಹಿಗ್ಗಿತ್ತು. ಹೆಸರು ಬಂದದ್ದು ಮೂಗಿನಿಂದಲ್ಲ, ಕಣ್ಣಿನಿಂದ.

ಊರಲ್ಲಿ ಯಾರು ಏನು ಕಟ್ಟುವುದಿದ್ದರೂ ಮೊದಲು ಬೋರು ಕೊರೆಸಬೇಕು. ಯಂತ್ರ ನೆಲಕ್ಕೆ ಕೊಳವೆ ಇಳಿಸಿ ತೋಳಿನಷ್ಟು ದಪ್ಪದ ಮಣ್ಣಿನ ದಿಂಡುಗಳನ್ನು ಎತ್ತಿಕೊಡುತ್ತದೆ. ಅವನ್ನು ಉದ್ದನೆಯ ಪೆಟ್ಟಿಗೆಗಳಲ್ಲಿ ಮೇಲಿನದು ಮೊದಲು, ಕೆಳಗಿನದು ಆಮೇಲೆ ಅಂತ ಸಾಲಾಗಿ ಮಲಗಿಸುತ್ತಾರೆ. ಹದ್ದು ಅದರ ಮುಂದೆ ಮಣೆ ಹಾಕಿಕೊಂಡು ಕೂತ ಅಂದರೆ ನೋಡಬೇಕಿತ್ತು. ಚಾಕುವಿನಿಂದ ದಿಂಡನ್ನು ಉದ್ದಕ್ಕೆ ಸೀಳುತ್ತಿದ್ದ, ನೀರು ಚಿಮುಕಿಸುತ್ತಿದ್ದ, ಹೆಬ್ಬೆರಳಿಂದ ಒತ್ತುತ್ತಿದ್ದ. ಒಂದು ಚಿಟಿಕೆ ತೆಗೆದು ಮುಂದಿನ ಹಲ್ಲಿಗೆ ಹಾಕಿ ಕಚ್ಚುತ್ತಿದ್ದ. ಕರಕರ ಅಂದರೆ ಸಣ್ಣ ಮರಳು, ಬೆಣ್ಣೆಯ ಹಾಗೆ ಜಾರಿದರೆ ಜೇಡಿ. ಆಮೇಲೆ ಬಣ್ಣ ಹೇಳುತ್ತಿದ್ದ. ಎಳೆ ಕಂದು, ಹೊಗೆ ಕಂದು, ಮಸುಕು ಬೂದು, ನೀಲಿಬೂದು. ಬಣ್ಣ ಗುರುತಿಸುವುದಕ್ಕೆ ಚಿಕ್ಕ ಚಿಕ್ಕ ಬಣ್ಣದ ಬಿಲ್ಲೆ ಅಂಟಿಸಿದ ಒಂದು ಪುಸ್ತಕವಿದೆ. ಮಣ್ಣನ್ನು ಬಿಲ್ಲೆಯ ಪಕ್ಕಕ್ಕಿಟ್ಟು ಹೋಲಿಸಿ ನಂಬರು ಬರೆಯುವುದು ಎಲ್ಲರ ಪದ್ಧತಿ. ಹದ್ದು ಆ ಪುಸ್ತಕವನ್ನು ಮುಟ್ಟಿದವನಲ್ಲ.

"ಹೆಂಡತಿ ಮುಖ ಗುರುತು ಹಿಡಿಯೋಕೆ ಫೋಟೋ ಪಕ್ಕದಲ್ಲಿಟ್ಟುಕೊಂಡು ನೋಡ್ತೀರೇನ್ರಯ್ಯಾ?" ಅಂತ ಹೊಸಬರನ್ನು ಛೇಡಿಸುತ್ತಿದ್ದ.

ಅವನ ಹೆಂಡತಿ ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ. ಮಾತೂ ಲೆಕ್ಕದ ಹಾಗೆಯೇ, ಹೆಚ್ಚಿಲ್ಲ ಕಮ್ಮಿಯಿಲ್ಲ. "ಊಟಕ್ಕೆ ಉಪ್ಪು ಸಾಲದು ಅಂತ ತಪ್ಪು ತೆಗೆಯೋ ಬಾಯಿ ನೋಡು! ಊರ ಮಣ್ಣೆಲ್ಲ ತಿಂದು ಬಂದಿರೋ ಬಾಯಿ," ಅನ್ನುತ್ತಿದ್ದಳು. ಮಕ್ಕಳಿಲ್ಲದ ಮನೆ, ಇಬ್ಬರ ನಡುವಿನ ಗುದ್ದಾಟವೇ ಮನೆಯ ಸದ್ದು.

ಈಗ ಬಣ್ಣಕ್ಕೆ ಇಷ್ಟು ಬೆಲೆ ಯಾಕೆ ಅಂತ ಕೇಳಬಹುದು. ಹೊರಗೆ ಬಿಟ್ಟ ಮೊಳೆ ತುಕ್ಕು ಹಿಡಿದು ಕಂದಾಗುವುದನ್ನು ಎಲ್ಲರೂ ನೋಡಿದ್ದೇವೆ. ಮಣ್ಣಿನೊಳಗೂ ಕಬ್ಬಿಣದ ಅಂಶವಿದೆ. ಗಾಳಿಯಾಡುವ ಕಡೆ ಅದು ತುಕ್ಕಾಗಿ ಮಣ್ಣು ಕಂದಾಗುತ್ತದೆ. ಸದಾ ನೀರಲ್ಲಿ ಮುಳುಗಿ ಗಾಳಿಯ ಮುಖವನ್ನೇ ಕಾಣದ ಕಡೆ ಬೂದಾಗಿ ಉಳಿಯುತ್ತದೆ. ಹಾಗಾಗಿ ಕಂದು ಎಲ್ಲಿ ಮುಗಿಯಿತೋ ಅಲ್ಲಿಂದ ಕೆಳಗೆ ನೀರಿನ ರಾಜ್ಯ. ಆದರೆ ಕಂದು ಒಂದೇ ಏಟಿಗೆ ಬೂದಾಗುವುದಿಲ್ಲ. ಸಂಜೆ ಕತ್ತಲಾದ ಹಾಗೆ, ಯಾವಾಗ ಆಯಿತು ಅಂತಲೇ ತಿಳಿಯದಂತೆ ಆಗುತ್ತದೆ. ಆ ಗಡಿಯನ್ನು ಇದೇ ಅಂತ ಬೆರಳಿಟ್ಟು ತೋರಿಸುವುದಕ್ಕೆ ಕಣ್ಣು ಬೇಕು. ಹದ್ದಿಗೆ ಅದಿತ್ತು.

ಊರಿನ ಪಡುವಣಕ್ಕೆ ಹಳೆಪೇಟೆ. ಹದ್ದು ಮೀಸೆ ಚಿಗುರಿದ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದಾಗ ಕಟ್ಟಡಗಳೆಲ್ಲ ಏಳುತ್ತಿದ್ದದ್ದು ಅಲ್ಲಿ. ಊರು ವರ್ಷ ವರ್ಷಕ್ಕೆ ಮೂಡಣದ ಕಡೆ ಬೆಳೆಯಿತು. ಬೋರಿನ ಯಂತ್ರವೂ ಅದರ ಹಿಂದೆಯೇ ಮೂಡಣಕ್ಕೆ ಹೋಯಿತು, ಹದ್ದೂ ಹೋದ. ಕೊನೆಗೆ ಇಡೀ ಊರಿನ ಅಡಿಯ ನಕ್ಷೆಯೊಂದು ಅವನ ಕೈಯಲ್ಲಿ ಬೆಳೆದು ನಿಂತಿತು. ಅದರಲ್ಲಿ ಒಂದು ವಿಚಿತ್ರವಿತ್ತು. ಹಳೆಪೇಟೆಯಲ್ಲಿ ಕಂದು ಮಣ್ಣು ಒಂದಾಳು ಆಳಕ್ಕೇ ಮುಗಿಯುತ್ತಿತ್ತು. ಸಂತೆಬೀದಿಯ ಹತ್ತಿರ ಎರಡಾಳು, ರೈಲು ನಿಲ್ದಾಣದ ಆಚೆ ಮೂರಾಳು, ಮೂಡಣದ ಹೊಸ ಬಡಾವಣೆಯಲ್ಲಿ ನಾಲ್ಕಾಳು. ಅಂದರೆ ಊರಿನಡಿಯ ನೀರು ಮೂಡಣಕ್ಕೆ ಇಳಿಜಾರಾಗಿ ಆಳಕ್ಕೆ ಹೋಗಿತ್ತು. ಮೇಲೆ ನೆಲ ಚಪ್ಪಟೆ, ಒಳಗೆ ಇಳಿಜಾರು! ಯಾರೂ ಊಹಿಸಿರದ ಸಂಗತಿ. ಕಚೇರಿಯಲ್ಲಿ ಅದಕ್ಕೆ 'ಹದ್ದಿನ ಇಳಿಜಾರು' ಅಂತಲೇ ಹೆಸರು ಬಿತ್ತು. ಹೊರಗಿನಿಂದ ಬಂದ ವಿದ್ವಾಂಸರಿಗೆ ಅದನ್ನೇ ಮೊದಲು ತೋರಿಸುತ್ತಿದ್ದರು.

ನೀರಿನವರು ಮಾತ್ರ ಒಮ್ಮೆ ಕೆಳಗಿಳಿದು ಬಂದು, "ಸಾರ್, ಹೊಸ ಬಡಾವಣೆ ಬಾವಿಗಳಲ್ಲಿ ನೀರು ಅಷ್ಟು ಕೆಳಗಿಲ್ಲವಲ್ಲ, ಕೈಗೆ ಸಿಗೋ ಹಾಗಿದೆ," ಅಂದಿದ್ದರು.

"ಹೊಸ ನಲ್ಲಿಗಳು ಸೋರ್ತಿರಬೇಕು, ಹೋಗಿ ನೋಡ್ರಪ್ಪ," ಅಂದಿದ್ದ ಹದ್ದು. ಹದ್ದು ಹೇಳಿದ ಮೇಲೆ ಮುಗಿಯಿತು. ನಲ್ಲಿ ಸೋರುತ್ತಿದೆ ಅಂತ ನೀರಿನವರೂ ಬರೆದುಕೊಂಡರು.

ನಕ್ಷೆ ಇನ್ನೇನು ಅಚ್ಚಿಗೆ ಹೋಗಬೇಕು. ನಿವೃತ್ತಿಯೂ ಅದರ ಹಿಂದೆಯೇ ಬಾಗಿಲಲ್ಲಿ ನಿಂತಿತ್ತು. ಒಬ್ಬ ಮನುಷ್ಯ ಜೀವಮಾನವಿಡೀ ಮಣ್ಣು ಕಚ್ಚಿ ಗಳಿಸಿದ್ದು ಅಂದರೆ ಆ ಇಳಿಜಾರೊಂದೇ. ಅದು ಮುದ್ರೆ ಬಿದ್ದು ಹೊರಗೆ ಬರುವ ಹೊತ್ತು.

ಆ ಹೊತ್ತಿಗೇ ಮನೆಯಲ್ಲಿ ಕಾಲುಚೀಲದ ಜಗಳ ಶುರುವಾಯಿತು.

"ರೀ, ಒಂದು ಕಾಲಿಗೆ ನೀಲಿ, ಒಂದು ಕಾಲಿಗೆ ಕಪ್ಪು. ಇದೇನು ಹೊಸ ಫ್ಯಾಷನ್ನಾ?"

"ಎರಡೂ ಕಪ್ಪೇ ಕಣೇ."

"ಎರಡೂ ಕಪ್ಪಂತೆ! ನನ್ನ ಮುಂದೆ ಹೇಳಿದ್ರಿ ಸರಿ, ಹೊರಗಡೆ ಹೇಳ್ಬೇಡಿ."

ದಾರಿದೀಪಗಳ ಸುತ್ತ ಬಳೆ ಕಾಣಿಸತೊಡಗಿತು, ಬಸ್ಸಿನ ನಂಬರು ಬಸ್ಸು ಹೋದ ಮೇಲೆ ತಿಳಿಯತೊಡಗಿತು. ಮೇಡಂ ಕೈಹಿಡಿದು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಬೆಳಕು ಬಿಟ್ಟು ನೋಡಿ, "ಯಜಮಾನ್ರೇ, ಎರಡೂ ಕಣ್ಣಿಗೆ ಪೊರೆ. ಬಲಗಣ್ಣಿನದು ಬಲಿತು ಹೋಗಿದೆ, ಎಡಗಣ್ಣಿನದು ಇನ್ನೂ ಎಳೆಯದು, ಇದಕ್ಕಿಂತ ಕೆಲವು ವರ್ಷ ಹಿಂದೆ ಇದೆ. ಮೊದಲು ಬಲ ತೆಗೆಯೋಣ, ಅದು ವಾಸಿಯಾದ ಮೇಲೆ ಎಡ," ಅಂದರು. ಎರಡಕ್ಕೂ ದಿನ ಗೊತ್ತಾಯಿತು.

ಬಲಗಣ್ಣಿನ ಪಟ್ಟಿ ಬಿಚ್ಚಿದ ದಿನ ಹದ್ದು ಹಾಸಿಗೆಯ ಮೇಲೆ ಕೂತು ಗೋಡೆ ನೋಡಿದ. "ಯಾವಾಗ ಸುಣ್ಣ ಹೊಡೆಸಿದೆ?"

"ಹೊಡೆಸೇ ಇಲ್ಲ."

"ಮತ್ತೆ ಇಷ್ಟು ಬೆಳ್ಳಗಿದೆ?"

"ಮೊದಲಿಂದಲೂ ಬೆಳ್ಳಗೇ ಇತ್ತು. ನಿಮಗೆ ಇವತ್ತು ಗೊತ್ತಾಯ್ತು."

ಅವನು ನಕ್ಕ. ಮನೆಯೆಲ್ಲ ಸುತ್ತಾಡಿ ತಟ್ಟೆ, ಲೋಟ, ಪರದೆ ಅಂತ ಒಂದೊಂದನ್ನೇ ಹೊಸದಾಗಿ ಕೊಂಡು ತಂದವನ ಹಾಗೆ ನೋಡಿದ. ಅದರಾಚೆಗೆ ಅವನ ಯೋಚನೆ ಹೋಗಲಿಲ್ಲ. ಕಣ್ಣು ಸರಿಯಾಯಿತು, ಸಂತೋಷ, ಅಷ್ಟೇ.

ರಜೆ ಮುಗಿಸಿ ಕಚೇರಿಗೆ ಹೋದಾಗ ನಕ್ಷೆಯವಳು ಕಾಯುತ್ತಿದ್ದಳು. ನಕ್ಷೆಯವಳು ಅಂದರೆ ಕಂಪ್ಯೂಟರಿನಲ್ಲಿ ಅವನ ಮಾತುಗಳನ್ನು ಗೆರೆಗಳಾಗಿ ಎಳೆಯುತ್ತಿದ್ದ ಭೂವಿಜ್ಞಾನಿ. ಓದಿದವಳು, ನಿಧಾನದವಳು, ಬಣ್ಣದ ಪುಸ್ತಕವನ್ನು ಸದಾ ಕಂಕುಳಲ್ಲಿ ಇಟ್ಟುಕೊಂಡು ತಿರುಗುವವಳು. ನಕ್ಷೆಯ ಅಂಚಿಗೆ ಹಾಕಲು ಮಣ್ಣಿನ ಕೆಲವು ಫೋಟೋಗಳು ಬೇಕಿದ್ದವು. ಪೆಟ್ಟಿಗೆಯಲ್ಲಿರುವ ದಿಂಡು ಗಾಳಿಗೆ ಒಣಗಿ ತಾನೂ ತುಕ್ಕು ಹಿಡಿದು ಎಲ್ಲ ಕಂದಾಗಿಬಿಡುತ್ತದೆ, ಫೋಟೋಗೆ ಬಾರದು. ಅದಕ್ಕೇ ಹಿಂದೆ ಪ್ರತಿ ಬೋರಿನಿಂದಲೂ ಒಂದೆರಡು ತುಂಡನ್ನು ಎತ್ತಿದ ತಕ್ಷಣ ಮೇಣದಲ್ಲಿ ಅದ್ದಿ ಮುಚ್ಚಿಡುವ ಪದ್ಧತಿಯಿತ್ತು. ಮೇಣದೊಳಗೆ ಮಣ್ಣು ಎತ್ತಿದ ದಿನ ಹೇಗಿತ್ತೋ ಹಾಗೇ ಇರುತ್ತದೆ. ಕೊಯ್ದರೆ ಒಮ್ಮೆ ಕಾಣುತ್ತದೆ. ಕೊಯ್ದ ಮೇಲೆ ಅದೂ ಕೆಡುತ್ತದೆ. ರೈಲು ನಿಲ್ದಾಣದ ಆಚೆಯ ಬೋರಿನ ಅಂಥ ಒಂದು ಉಂಡೆಯನ್ನು ಅವಳು ಹಿಂದಿನ ತಗಡಿನ ಗೋದಾಮಿನಲ್ಲಿ ಆಗಷ್ಟೇ ಕೊಯ್ದು ಇಟ್ಟಿದ್ದಳು.

"ಸಾರ್, ಉಂಡೆ ಅದಲುಬದಲಾಗಿದೆ ಅನ್ಸುತ್ತೆ. ಚೀಟಿ ಮೇಲೆ 'ಹೊಗೆ ಕಂದು' ಅಂತಿದೆ. ಇದು ನೋಡಿದ್ರೆ ಬೂದು."

ಹದ್ದು ಬಗ್ಗಿ ನೋಡಿದ. ಬೂದು. ಸಂಶಯವೇ ಬೇಡ. "ಯಾವ ಪುಣ್ಯಾತ್ಮ ಬರೆದ ಚೀಟಿ?"

"ನೀವೇ, ಸಾರ್."

"ಹಾಗಾದ್ರೆ ಚೀಟಿ ಸರಿಯಾಗಿದೆ, ಉಂಡೆ ಬೇರೆಯದು. ಗೋದಾಮಲ್ಲಿ ಬೆಕ್ಕು ಮರಿ ಸಾಕ್ತಾರೆ, ಉಂಡೆ ಸರಿಯಾಗಿ ಇಡಲ್ಲ," ಅಂತ ಗೊಣಗುತ್ತ, ನೀರಾಡುತ್ತಿದ್ದ ಹೊಸ ಕಣ್ಣಿಗೆ ಕರ್ಚೀಫು ಒತ್ತಿಕೊಂಡ.

ಒತ್ತಿಕೊಂಡವನು ಹಾಗೇ ನಿಂತ. ಎಡಗಣ್ಣಿನ ಮುಂದೆ ಉಂಡೆ ಕಂದಾಗಿತ್ತು. ಸ್ಪಷ್ಟವಾದ, ಹೆಸರು ಹಿಡಿದು ಕರೆಯಬಹುದಾದ ಹೊಗೆ ಕಂದು. ಕರ್ಚೀಫು ತೆಗೆದ: ಬೂದು. ಒತ್ತಿದ: ಕಂದು.

"ಸಾರ್, ನೋವಾ?" ಅಂದಳು ಅವಳು.

"ಇಲ್ಲಮ್ಮ. ನೀ ಫೋಟೋ ತೆಗಿ," ಅಂದು ಹೊರಟುಹೋದ.

ಸಂಜೆ ಮನೆಯ ಜಗಲಿಯಲ್ಲಿ ಕೂತು ಒಂದು ಕಣ್ಣು ಮುಚ್ಚಿ ಬೀದಿ ನೋಡುತ್ತಿದ್ದ, ಆಮೇಲೆ ಇನ್ನೊಂದು ಮುಚ್ಚಿ ನೋಡುತ್ತಿದ್ದ. ಎದುರುಮನೆಯಾಕೆ ಬಟ್ಟೆ ತೆಗೆಯುತ್ತಿದ್ದವಳು ಧಡಕ್ಕನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಚೆನ್ನಾಗಿದೆ," ಅಂದಳು ಮೇಡಂ ಹಿಂದಿನಿಂದ. "ಕಣ್ಣು ಬಂದದ್ದೇ ತಡ, ಕಣ್ಣು ಹೊಡೆಯೋಕೆ ಶುರು ಮಾಡಿದ್ರಿ."

ಅವನು ನಗಲಿಲ್ಲ. "ಲೇ, ಈ ಪೊರೆ ಒಂದು ದಿನಕ್ಕೆ ಬರೋದಲ್ಲ, ಅಲ್ವಾ?"

"ಹತ್ತಾರು ವರ್ಷ ಬೇಕು ಅಂದ್ರಲ್ಲ ಡಾಕ್ಟರು. ದಿನಾ ಒಂದು ಹನಿ ಚಹಾ ಗಾಜಿನ ಮೇಲೆ ಬಿದ್ದ ಹಾಗೆ ಅಂತ. ಯಾಕೆ?"

ಯಾಕೆ ಅಂತ ಅವನು ಹೇಳಿದ್ದು ಮಾರನೆಯ ಬೆಳಿಗ್ಗೆ, ನಕ್ಷೆಯವಳಿಗೆ. ಹಳೆಪೇಟೆಯಲ್ಲಿ ಬೋರು ನೋಡಿದ್ದು ಎಳೆಯ ಕಣ್ಣು. ಸಂತೆಬೀದಿಗೆ ಬರುವ ಹೊತ್ತಿಗೆ ಕಣ್ಣಿಗೆ ಒಂದಿಷ್ಟು ಹಳದಿ ಹತ್ತಿತ್ತು. ನಿಲ್ದಾಣ ದಾಟುವಾಗ ಇನ್ನಷ್ಟು. ಹೊಸ ಬಡಾವಣೆಯಲ್ಲಿ ಕೂತು ದಿಂಡು ಸೀಳುವಾಗ ಅವನು ಜಗತ್ತನ್ನೇ ಚಹಾ ಲೋಟದೊಳಗಿಂದ ನೋಡುತ್ತಿದ್ದ. ಊರು ಮೂಡಣಕ್ಕೆ ಹೋದಂತೆಲ್ಲ ಕಣ್ಣೂ ಮುದಿಯಾಗಿ, ಬೂದನ್ನು ಕಂದು ಅನ್ನುತ್ತ, ಗಡಿಯನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ ತಳ್ಳಿತ್ತು.

"ಇಳಿಜಾರು ನೆಲದಲ್ಲಿಲ್ಲಮ್ಮ. ಇಲ್ಲಿದೆ," ಅಂತ ರೆಪ್ಪೆ ಮುಟ್ಟಿಕೊಂಡ.

ಅವಳು ಕಂಪ್ಯೂಟರಿಗೆ ತಿರುಗಿ, ಬೋರುಗಳನ್ನು ಜಾಗದ ಪ್ರಕಾರ ಜೋಡಿಸುವ ಬದಲು ಕೊರೆದ ವರ್ಷದ ಪ್ರಕಾರ ಜೋಡಿಸಿದಳು. ಗೆರೆ ಮೊದಲಿಗಿಂತ ನೆಟ್ಟಗೆ ಬಂತು. ಆಳ ಜಾಗಕ್ಕಿಂತ ಹೆಚ್ಚಾಗಿ ವರ್ಷದ ಬೆನ್ನು ಹತ್ತಿತ್ತು.

"ಸಾರ್, ಒಂದು ಮಾತು ಕೇಳಲಾ? ಬಣ್ಣದ ಪುಸ್ತಕ ಇಟ್ಕೊಂಡು ನೋಡಿದ್ರೆ..."

"ಪುಸ್ತಕದ ಬಿಲ್ಲೆಯೂ ಮಣ್ಣಿನ ಜೊತೆಗೇ ಹಳದಿಯಾಗಿ ಕಾಣ್ತಿತ್ತು. ಹೋಲಿಸಿದ್ರೆ ಎರಡೂ ಒಂದಕ್ಕೊಂದು ಸರಿಹೋಗ್ತಿತ್ತು, ತಪ್ಪು ಅಲ್ಲಲ್ಲೇ ವಜಾ. ಗೊತ್ತು. ಕುರುಡನಾದ್ರೂ ಇಷ್ಟು ತಪ್ಪು ಮಾಡ್ತಿರಲಿಲ್ಲ; ಕಣ್ಣಿದೆ ಅಂದ್ಕೊಂಡವನು ಮಾಡಿದೆ."

ಮುಖ್ಯಸ್ಥರು ಹದ್ದಿನ ಕೈಕೆಳಗೆ ಕೆಲಸ ಕಲಿತು ಮೇಲೆ ಹೋದವರು. ಕುರ್ಚಿ ದೊಡ್ಡದಾದರೂ 'ಗುರುಗಳೇ' ಅನ್ನುವುದನ್ನು ಬಿಟ್ಟಿರಲಿಲ್ಲ. ಕೇಳಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಗುರುಗಳೇ, ನಿಮ್ಮ ಕಣ್ಣಿಗೆ ಪೊರೆ ಬಂತು ಅಂತ ಇಡೀ ಊರಿನ ನೆಲಕ್ಕೇ ಬಂತು ಅಂತೀರಾ? ನಕ್ಷೆ ಅಚ್ಚಿಗೆ ಹೊರಟಿದೆ. ಒಂದು ಉಂಡೆ ಬೂದಾಗಿ ಕಂಡಿದ್ದಕ್ಕೆ ನಿಮ್ಮ ಇಳಿಜಾರನ್ನು ನೀವೇ ಅಲ್ಲಗಳೀತೀರಲ್ಲ."

"ಹೊಸ ಬಡಾವಣೇಲಿ ನೆಲದಡಿ ಎರಡು ಅಂತಸ್ತು ತೋಡೋರು ಈ ನಕ್ಷೆ ನೋಡ್ಕೊಂಡು ತೋಡ್ತಾರಪ್ಪ. ನಾಲ್ಕಾಳು ಒಣನೆಲ ಅಂತ ನಾನು ಹೇಳಿದೀನಿ. ಎರಡಾಳಿಗೇ ನೀರು ಬಂದ್ರೆ?"

"ಬಂದ್ರೆ ಅನ್ನೋ ಮಾತಿಗೆ ನಕ್ಷೆ ತಿದ್ದೋಕಾಗಲ್ಲ. ಅಷ್ಟೂ ಬೋರು ಮತ್ತೆ ಕೊರೆಸೋಕಂತೂ ಸಾಧ್ಯವೇ ಇಲ್ಲ. ಒಂದು ಮಾಡಿ. ಇಂಥ ಜಾಗದಲ್ಲಿ, ಇಷ್ಟು ಆಳದಲ್ಲಿ ಬೂದು ಬರುತ್ತೆ ಅಂತ ಮೊದಲೇ ಬರೆದುಕೊಡಿ. ಅಲ್ಲೊಂದೇ ಒಂದು ಬೋರು ಕೊರೆಸ್ತೀನಿ. ಅಲ್ಲಿ ಬಂದ್ರೆ ತಿದ್ದಿ. ಬರದಿದ್ರೆ ನಿಮ್ಮ ಇಳಿಜಾರು ಇದ್ದ ಹಾಗೇ ಅಚ್ಚಾಗುತ್ತೆ, ನೀವು ಬಾಯಿ ಮುಚ್ಕೊಂಡು ಹಾರ ಹಾಕಿಸ್ಕೋಬೇಕು."

ಮಾತು ನ್ಯಾಯವಾಗಿತ್ತು. ತಾನು ಗಳಿಸಿದ್ದು ಸುಳ್ಳು ಅಂತ ತಾನೇ ರುಜುವಾತು ಮಾಡಬೇಕು, ಅದೂ ಮೊದಲೇ ಲೆಕ್ಕ ಹೇಳಿ. ಆದರೆ ಲೆಕ್ಕ ಹೇಳುವುದು ಹೇಗೆ? ಹೊಸ ಬಡಾವಣೆಯ ಕಾಲಕ್ಕೆ ಖರ್ಚು ಅಂತ ಮೇಣದ ಪದ್ಧತಿ ನಿಲ್ಲಿಸಿಬಿಟ್ಟಿದ್ದರು. ದಿಂಡುಗಳು ಪೆಟ್ಟಿಗೆಯಲ್ಲಿ ಒಣಗಿ ಕಂದಾಗಿದ್ದವು. ಉಳಿದಿದ್ದು ಅವನು ಬರೆದ ಮಾತುಗಳು ಮಾತ್ರ: ಇಷ್ಟು ಆಳದಿಂದ ಎಳೆ ಕಂದು, ಇಷ್ಟರಿಂದ ಹೊಗೆ ಕಂದು, ಇಷ್ಟರಿಂದ ಬೂದು. ಆ ಮಾತುಗಳನ್ನು ಆಡಿದ ಕಣ್ಣು ಯಾವ ಬಣ್ಣಕ್ಕೆ ಯಾವ ಹೆಸರು ಇಡುತ್ತಿತ್ತು ಅಂತ ಯಾರನ್ನು ಕೇಳುವುದು? ಬಲಗಣ್ಣಿನ ಪೊರೆ ಆಸ್ಪತ್ರೆಯ ಕಸದ ಬುಟ್ಟಿ ಸೇರಿತ್ತು.

ಎಡಗಣ್ಣು ಇತ್ತು. ಡಾಕ್ಟರು ಹೇಳಿದ ಹಾಗೆ ಕೆಲವು ವರ್ಷ ಹಿಂದೆ ಉಳಿದಿದ್ದ ಕಣ್ಣು. ಹೊಸ ಬಡಾವಣೆಯಲ್ಲಿ ಕೂತಿದ್ದಾಗ ಬಲಗಣ್ಣು ಇದ್ದ ಹದಕ್ಕೆ ಈಗ ಬಂದಿರುವ ಕಣ್ಣು. ಅದರ ಆಪರೇಷನ್ನಿಗೆ ದಿನವೂ ಗೊತ್ತಾಗಿತ್ತು.

"ಮುಂದಕ್ಕೆ ಹಾಕಿಸು," ಅಂದ ಹದ್ದು ಮನೆಗೆ ಬಂದು.

"ಏನನ್ನ?"

"ಆಪರೇಷನ್ನ. ಈ ಕಣ್ಣು ಇನ್ನೂ ಸ್ವಲ್ಪ ದಿನ ಕೆಟ್ಟಿರಬೇಕು."

ಮೇಡಂ ಕೈಯಲ್ಲಿದ್ದ ಉತ್ತರಪತ್ರಿಕೆಗಳನ್ನು ಕೆಳಗಿಟ್ಟಳು. "ನಿನ್ನೆ ಚಹಾನ ಲೋಟದ ಪಕ್ಕಕ್ಕೆ ಸುರಿದಿರಿ. ಮೊನ್ನೆ ಇಲ್ಲದ ಮೆಟ್ಟಿಲು ಇಳಿದಿರಿ. ಒಂದು ಕಣ್ಣು ಹತ್ತಿರ ಅಂದ್ರೆ ಒಂದು ದೂರ ಅನ್ನುತ್ತೆ. ಬಿದ್ದು ಸೊಂಟ ಮುರ್ಕೊಂಡ್ರೆ ನಿಮ್ಮ ಇಳಿಜಾರು ಬಂದು ಬೆನ್ನು ಉಜ್ಜುತ್ತಾ?"

"ಇಳಿಜಾರು ಇಲ್ಲ ಕಣೇ. ಅದಕ್ಕೇ ಬೇಕಾಗಿರೋದು."

ಅವನು ಕೂತು ಎಲ್ಲ ಹೇಳಿದ. ಮುಗಿದ ಮೇಲೆ, "ಅಂದ್ರೆ ತಪ್ಪು ಲೆಕ್ಕ ಮಾಡಿದ ಹುಡುಗನ್ನೇ ಬೋರ್ಡಿಗೆ ಕರೆದು, ಹೇಗೆ ತಪ್ಪು ಮಾಡಿದೆ ತೋರಿಸಪ್ಪ ಅಂತ ಕೇಳೋ ಹಾಗೆ," ಅಂದಳು.

"ಹೂಂ, ಅದೇ."

"ಅದು ಒಳ್ಳೆ ಪದ್ಧತಿ. ನಾನೂ ಮಾಡ್ತೀನಿ." ಉತ್ತರಪತ್ರಿಕೆಗಳನ್ನು ಮತ್ತೆ ಎತ್ತಿಕೊಳ್ಳುತ್ತ, "ಆದ್ರೆ ಮೆಟ್ಟಿಲು ಇಳಿಯುವಾಗ ಕೆಟ್ಟ ಕಣ್ಣು ಮುಚ್ಚಿಕೊಂಡೇ ಇಳೀಬೇಕು. ಇದಕ್ಕೆ ಒಪ್ಪಿದ್ರೆ ಡಾಕ್ಟರಿಗೆ ಫೋನ್ ಮಾಡ್ತೀನಿ," ಅಂದಳು. ಹಳೆಯ ಕೈಚೀಲದ ಬಟ್ಟೆಯಲ್ಲಿ ಕಣ್ಣಿಗೆ ಕಟ್ಟುವ ಪಟ್ಟಿಯೊಂದನ್ನು ಹೊಲಿದೂ ಕೊಟ್ಟಳು. ಒಂದೇ ಪಟ್ಟಿ, ಬೇಕಾದ ಕಡೆಗೆ ಸರಿಸಿಕೊಳ್ಳುವಂಥದ್ದು.

ಗೋದಾಮಿನಲ್ಲಿ ಕೆಲಸ ಶುರುವಾಯಿತು. ಹಳೆಪೇಟೆ, ಸಂತೆಬೀದಿ, ನಿಲ್ದಾಣದ ಕಡೆಯ ಮೇಣದ ಉಂಡೆಗಳು ಕಪಾಟಿನಲ್ಲಿದ್ದವು. ಎಲ್ಲ ಥರದ ಕಂದು, ಎಲ್ಲ ಥರದ ಬೂದು. ನಕ್ಷೆಯವಳು ಚೀಟಿ ಮುಚ್ಚಿ ಒಂದೊಂದನ್ನೇ ಕೊಯ್ದು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದಳು. ಹದ್ದು ಹೊಸ ಕಣ್ಣಿಗೆ ಪಟ್ಟಿ ಸರಿಸಿ, ಕೆಟ್ಟ ಕಣ್ಣಿನಿಂದ ನೋಡಿ, ಹಿಂದೆ ಹೇಳುತ್ತಿದ್ದ ಹಾಗೇ ಹೆಸರು ಹೇಳಬೇಕು. ಅವಳು ಪುಸ್ತಕದ ಬಿಲ್ಲೆಗೆ ಹೋಲಿಸಿ ನಿಜವಾದ ನಂಬರು ಬರೆಯಬೇಕು. ತುಂಡು ಗಾಳಿಗೆ ಕೆಡುವುದರೊಳಗೆ ಮುಗಿಯಬೇಕು.

ಸುಲಭ ಅಂದುಕೊಂಡಿದ್ದರು. ಆಗಲಿಲ್ಲ. ತನ್ನ ಕಣ್ಣು ತಪ್ಪು ಅಂತ ಗೊತ್ತಾದ ಮೇಲೆ ಮನಸ್ಸು ಸುಮ್ಮನಿರುತ್ತದೆಯೇ? ಕಂದು ಕಂಡರೂ, 'ಇದು ನಿಜಕ್ಕೂ ಬೂದಿರಬೇಕು' ಅಂತ ನಾಲಿಗೆ ತಿದ್ದಿಕೊಳ್ಳುತ್ತಿತ್ತು.

"ಮಸುಕು... ಬೂದು," ಅಂದ ಒಮ್ಮೆ.

"ಸಾರ್, ಕಂಡಿದ್ದು ಹೇಳ್ತಿದ್ದೀರೋ, ಯೋಚಿಸಿದ್ದು ಹೇಳ್ತಿದ್ದೀರೋ?"

ಅವನಿಗೆ ಸಿಟ್ಟು ಬಂತು. "ನನಗೆ ಬಣ್ಣ ಹೇಳೋಕೆ ಕಲಿಸ್ತೀಯಾ?"

"ಇಲ್ಲ ಸಾರ್. ತಪ್ಪಾಗಿ ಹೇಳೋಕೆ ಕಲಿಸ್ತಿದ್ದೀನಿ. ಸರಿ ಹೇಳಿದ್ರೆ ಕೆಲಸ ಕೆಡುತ್ತೆ."

ಹದ್ದು ಅವಳ ಮುಖ ನೋಡಿದ. ಆಮೇಲೆ ಗೋದಾಮು ಅದುರುವ ಹಾಗೆ ನಕ್ಕ. ಅಲ್ಲಿಂದ ಮುಂದೆ ಒಂದು ಉಪಾಯ ಮಾಡಿದರು. ಅವನು ಉಂಡೆ ನೋಡುವಾಗ ಅವಳು ಊರ ಮಾತೆಲ್ಲ ಆಡುತ್ತಿದ್ದಳು: ಮುಖ್ಯಸ್ಥರ ಹೊಸ ಕುರ್ಚಿ, ಚಿಪ್ಪಿನವರ ಹಳೆಯ ಜಗಳ, ಬಸ್ಸಿನ ಕಂಡಕ್ಟರ ಬಾಯಿ. ಮಾತಿನ ಮಧ್ಯೆ ತಟ್ಟನೆ ತುಂಡು ಮುಂದಿಡುತ್ತಿದ್ದಳು. ಯೋಚಿಸುವುದಕ್ಕೆ ಪುರುಸೊತ್ತು ಸಿಗದೆ ಬಾಯಿಗೆ ಹಳೆಯ ಹೆಸರು ತಾನಾಗಿ ಬರುತ್ತಿತ್ತು. "ಹೊಗೆ ಕಂದು," ಅನ್ನುತ್ತಿದ್ದ. ಪುಸ್ತಕ ಬೂದು ಅನ್ನುತ್ತಿತ್ತು. ಮತ್ತೊಂದು ಹೊಗೆ ಕಂದು; ಮತ್ತೆ ಬೂದು. ಎಳೆ ಕಂದು ಅಂದದ್ದೆಲ್ಲ ನಿಜಕ್ಕೂ ಕಂದೇ ಆಗಿತ್ತು. ಉಂಡೆಗಳು ಮುಗಿಯುವ ಹೊತ್ತಿಗೆ ವಿಷಯ ನಿಚ್ಚಳವಾಯಿತು: ಕೆಟ್ಟ ಕಣ್ಣು ಯಾವುದನ್ನು 'ಹೊಗೆ ಕಂದು' ಅನ್ನುತ್ತದೋ ಅದು ಆಗಲೇ ಬೂದು ಮಣ್ಣು. ಗಡಿಯಿರುವುದು ಹೊಗೆ ಕಂದು ಮುಗಿಯುವಲ್ಲಿ ಅಲ್ಲ, ಶುರುವಾಗುವಲ್ಲಿ.

ಹೊಸ ಬಡಾವಣೆಯ ಬೋರುಗಳಲ್ಲಿ ಹೊಗೆ ಕಂದು ಶುರುವಾಗುತ್ತಿದ್ದದ್ದು ಎರಡಾಳಿಗೂ ಮೊದಲೇ.

ಹದ್ದು ಒಂದು ಜಾಗ ಆರಿಸಿದ. ಬಡಾವಣೆಯ ಕೊನೆಯ ತಿರುವಿನಲ್ಲಿ, ಯಾರೂ ಇನ್ನೂ ತೋಡದ ಖಾಲಿ ಸೈಟು. ಎರಡಾಳು ತುಂಬುವುದರೊಳಗೆ ಬೂದು ಅಂತ ಬರೆದು, ಸಹಿ ಹಾಕಿ, ಮುಖ್ಯಸ್ಥರ ಕೈಗೆ ಕೊಟ್ಟ. ಅವರು ಅದನ್ನು ಮಡಚಿ ಜೇಬಿಗಿಟ್ಟುಕೊಂಡರು.

ಬೋರು ಕೊರೆಯುವ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಮುಖ್ಯಸ್ಥರು ಬಂದರು, ಸುದ್ದಿ ಹೇಗೋ ಮೂಸಿ ಹಿಡಿದು ನೀರಿನವರೂ ಇಬ್ಬರು ಬಂದರು. ಶಾಲೆಗೆ ರಜೆ ಹಾಕಿ ಮೇಡಂ ಕೂಡ ಬಂದಳು. "ನಾನು ಮೆಟ್ಟಿಲು ಕಾಯೋಕೆ ಬಂದೆ," ಅಂದಳು. ಅಲ್ಲಿ ಮೆಟ್ಟಿಲೇ ಇರಲಿಲ್ಲ. ಯಂತ್ರದ ಸದ್ದಿಗೆ ಪಕ್ಕದ ಮನೆಗಳ ಕಿಟಕಿಗಳು ತೆರೆದುಕೊಂಡವು. ಮೊದಲ ದಿಂಡು ಬಂತು; ಬೇರು, ಇಟ್ಟಿಗೆ ಚೂರು, ಕಂದು. ಎರಡನೆಯದು ಕಂದು, ಇನ್ನೊಂದು ಕಂದು. ಒಂದಾಳು ದಾಟಿತು. ಆಮೇಲೆ ಬಂದದ್ದೂ ಕಂದೇ, ಕೊಂಚ ಬಿಳಚಿದ ಕಂದು.

ಹದ್ದು ಮಣೆಯ ಮೇಲೆ ಕೂತಿದ್ದ. ಬಣ್ಣ ಹೇಳುವ ಕೆಲಸ ಈ ಸಲ ಅವನದಲ್ಲ. ಹೇಳಬಾರದು ಅಂತ ಅವನೇ ಷರತ್ತು ಹಾಕಿದ್ದ. ನಕ್ಷೆಯವಳು ಸೀಳುತ್ತಿದ್ದಳು, ಹೋಲಿಸುತ್ತಿದ್ದಳು, ಜೋರಾಗಿ ಓದುತ್ತಿದ್ದಳು. ಅವನ ಮನಸ್ಸಿನ ಮೂಲೆಯಲ್ಲಿ ಏನೋ ಒಂದು, ಮುಂದಿನದೂ ಕಂದಾಗಿರಲಿ ಅಂದಿತು. ನಾಲ್ಕಾಳು ಆಳದ ತನಕ ಕಂದೇ ಇರಲಿ, ಕಣ್ಣು ಕೆಟ್ಟಿದ್ದು ನಿಜವಾದರೂ ಇಳಿಜಾರೂ ನಿಜವಾಗಿರಲಿ. ಅಂಥ ಆಸೆ ಯಾರಿಗೆ ಬರುವುದಿಲ್ಲ? ಬಂತು, ಕೂತಿತು, ಹೋಯಿತು.

ಮುಂದಿನ ದಿಂಡು ಕೊಳವೆಯಿಂದ ಜಾರಿ ಪೆಟ್ಟಿಗೆಗೆ ಬಿತ್ತು. ಅವಳು ಚಾಕು ಹಾಕಿದಳು. ಮೇಲಿನ ಅರ್ಧ ಬಿಳಚು ಕಂದು. ಕೆಳಗಿನ ಅರ್ಧ, ಹೊಗೆಯಾರಿದ ಒಲೆಯ ಬೂದಿಯ ಹಾಗೆ, ಬೂದು. ಸೀಳಿದ ಕಡೆಯಿಂದ ನೀರು ಜಿನುಗಿತು.

ನಕ್ಷೆಯವಳು ಬಿಲ್ಲೆಗೆ ಹೋಲಿಸಿ ನಂಬರು ಓದಿದಳು. ಮುಖ್ಯಸ್ಥರು ಜೇಬಿನಿಂದ ಚೀಟಿ ತೆಗೆದು ಆಳ ನೋಡಿದರು. ಬರೆದದ್ದಕ್ಕಿಂತ ಒಂದು ಗೇಣು ಮೇಲೆಯೇ ಬಂದಿತ್ತು. ಅವರು ಚೀಟಿಯನ್ನು ಅವಳಿಗೆ ಕೊಟ್ಟರು.

ನೀರಿನವರಲ್ಲಿ ಒಬ್ಬ ಮೆಲ್ಲಗೆ, "ಹಾಗಾದ್ರೆ ನಲ್ಲಿ ಸೋರ್ತಿಲ್ಲ," ಅಂದ.

"ಸೋರ್ತಿಲ್ಲಪ್ಪ," ಅಂದ ಹದ್ದು. "ನಾನು ಹೇಳಿದೆ ಅಂತ ಇಷ್ಟು ವರ್ಷ ಪ್ಲಂಬರ್‌ನ ಬೈತಿದ್ದೀರಿ. ಅವನಿಗೂ ಒಂದು ಮಾತು ಹೇಳಿ."

"ಸಾರ್," ಅಂದಳು ನಕ್ಷೆಯವಳು. "ಪೂರ್ತಿ ಹೋಗಲ್ಲ. ಹಳೆಪೇಟೇಲಿ ಒಂದಾಳು, ಇಲ್ಲಿ ಎರಡಾಳಿಗೆ ಸ್ವಲ್ಪ ಕಮ್ಮಿ. ಸಣ್ಣದೊಂದು ಇಳಿಜಾರು ಉಳಿಯುತ್ತೆ. ಅದಕ್ಕೆ ಹೆಸರು..."

"ಊರಿನ ಅಗಲಕ್ಕೆ ಅಷ್ಟು ಇಳಿಜಾರು ನಮ್ಮ ಬಚ್ಚಲಲ್ಲೂ ಇದೆ, ಅದಕ್ಕೆ ಯಾರೂ ಹೆಸರಿಟ್ಟಿಲ್ಲ. ನನ್ನ ಗೆರೆ ಅಳಿಸಮ್ಮ. ಮೂಡಣದಲ್ಲಿ ನೀರು ಮೇಲಿದೆ, ಆಳ ತೋಡೋರು ನೋಡಿಕೊಂಡು ತೋಡಿ ಅಂತ ದಪ್ಪಕ್ಷರದಲ್ಲಿ ಹಾಕು. ಕೆಳಗೆ, ಹಿಂದಿನ ಆಳಗಳು ತಪ್ಪಾಗಿದ್ದವು ಅಂತಲೂ ಹಾಕು. ಯಾಕೆ ತಪ್ಪಾಯ್ತು ಅಂತಲೂ ಹಾಕು. ಮುಂದಿನೋರು ತಮ್ಮ ಕಣ್ಣು ತೋರಿಸ್ಕೊಳ್ಳಲಿ."

ಮುಖ್ಯಸ್ಥರು, "ಗುರುಗಳೇ, ಕಾರಣ ಬರೆಯೋದು ಬೇಡವೇನೋ. ಊರೆಲ್ಲ ನಗ್ತಾರೆ," ಅಂದರು.

"ನಗಲಿ ಬಿಡಿ. ನೆಲಮಾಳಿಗೇಲಿ ನೀರು ತುಂಬಿ ಅಳೋದಕ್ಕಿಂತ ವಾಸಿ."

ಯಂತ್ರದವರು ಕೊಳವೆ ಬಿಚ್ಚತೊಡಗಿದರು. ನಕ್ಷೆಯವಳು ಬೂದು ತುಂಡನ್ನು ಎರಡು ಕೈಯಲ್ಲಿ ಎತ್ತಿ, ಅವಳೇ ಕಾಯಿಸಿ ತಂದಿದ್ದ ಮೇಣದಲ್ಲಿ ಅದ್ದಿದಳು. ಹದ್ದು ಮಣೆಯಿಂದ ಎದ್ದ. ಎದ್ದ ರಭಸಕ್ಕೆ ಪೆಟ್ಟಿಗೆಯ ಅಂಚು ತಾಗಿ ಮುಗ್ಗರಿಸಿದ. ಮೇಡಂ ತೋಳು ಹಿಡಿದಳು.

"ಎಡಗಡೆ ಇತ್ತು, ಕಾಣ್ಲಿಲ್ವಾ?"

"ಕಾಣ್ತು. ಆದ್ರೆ ಇನ್ನೂ ದೂರ ಇದೆ ಅನ್ನಿಸ್ತು."

"ಆ ಕಣ್ಣಿನ ಕೆಲಸ ಮುಗೀತಾ?"

"ಮುಗೀತು ಕಣೇ. ಡಾಕ್ಟರಿಗೆ ಫೋನ್ ಮಾಡು, ಯಾವತ್ತು ಬೇಕಾದ್ರೂ ತೆಗೀಲಿ."

ಅವಳು ಫೋನು ಆಗಲೇ ಕೈಯಲ್ಲಿ ಹಿಡಿದುಕೊಂಡಿದ್ದಳು.